ಎಬಿ ತಂದೆಗೆ ಓ ಗುಂಪಿನ ಮಗಳೇ?

ಪ್ರಶ್ನೆ: ನನಗೀಗ 49 ವರ್ಷ. ಊರು ಕಾರ್ಕಳದ ಕಡೆ. ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಸೋದರಮಾವನ ಹೋಟೆಲಿನ ಗಲ್ಲದಲ್ಲಿ ಕೂತವನು. ಈಗ ವಿಕ್ರೋಳಿಯಲ್ಲಿ ಒಂದು ಕಂಪೆನಿಯ ಕ್ಯಾಂಟೀನ್ ಗುತ್ತಿಗೆ ನನ್ನದು, ಮನೆ ಕನ್ನಮ್ವಾರ್ ನಗರದಲ್ಲಿ. ಆ ಮಾವನ ಮಗಳನ್ನೇ ಮದುವೆಯಾದೆ. ಮಗಳಿಗೆ 18, ಮಗನಿಗೆ 13. ಹೋದ ತಿಂಗಳು ಮಗಳ ಕಾಲೇಜಿನಲ್ಲಿ ರಕ್ತದಾನ ಶಿಬಿರ ಇತ್ತು. ಹಿಮೋಗ್ಲೋಬಿನ್ ಕಡಿಮೆ ಎಂದು ರಕ್ತ ತೆಗೆದುಕೊಳ್ಳಲಿಲ್ಲವಂತೆ, ಬ್ಲಡ್ ಗ್ರೂಪ್ ಬರೆದ ಕಾರ್ಡ್ ಮಾತ್ರ ಕೊಟ್ಟು ಕಳಿಸಿದರು. ಅದರಲ್ಲಿ ‘ಓ ಪಾಸಿಟಿವ್’ ಎಂದಿದೆ. ನನ್ನದು ಎಬಿ ಪಾಸಿಟಿವ್. ಸಂಘದ ಶಿಬಿರದಲ್ಲಿ ವರ್ಷಕ್ಕೊಮ್ಮೆ ರಕ್ತ ಕೊಡುತ್ತೇನೆ, ಅದರಲ್ಲಿ ಸಂಶಯವಿಲ್ಲ. ಹೆಂಡತಿಯದು ಎ ಪಾಸಿಟಿವ್, ಹೆರಿಗೆಯ ಫೈಲಿನಲ್ಲಿ ಬರೆದಿದೆ. ಅಕ್ಕನ ಮಗ ಹನ್ನೆರಡನೇ ಸೈನ್ಸ್. ಊಟಕ್ಕೆ ಬಂದವನು ಕಾರ್ಡ್ ನೋಡಿ, “ಮಾಮ, ಎಬಿ ಅಪ್ಪನಿಗೆ ಓ ಮಗು ಆಗೋದೇ ಇಲ್ಲ” ಎಂದ. ಅವನು ನಗುತ್ತಲೇ ಹೇಳಿದ್ದು, ನನಗೆ ನಗು ಬರಲಿಲ್ಲ. ರಾತ್ರಿ ಮೊಬೈಲಿನಲ್ಲಿ ಹುಡುಕಿದೆ, ಅಲ್ಲೂ ಅದೇ ಮಾತು. ಅಂದಿನಿಂದ ಮಗಳ ಮುಖ ನೋಡುವಾಗಲೆಲ್ಲ ಅವಳ ಕಿವಿ ನೋಡುತ್ತೇನೆ. ನನ್ನ ಕಿವಿಯ ಹಾಲೆ ಜೋತಿದೆ, ಅವಳದ್ದು ಕೆನ್ನೆಗೆ ಅಂಟಿದೆ. ಹೆಂಡತಿಯ ಹತ್ತಿರ ಬಾಯಿಬಿಟ್ಟಿಲ್ಲ. ಕೂದಲೋ ಟೂತ್‌ಬ್ರಷ್ಷೋ ಕಳಿಸಿದರೆ ಡಿಎನ್‌ಎ ಪರೀಕ್ಷೆ ಮಾಡಿಕೊಡುತ್ತಾರಂತೆ. ಯಾರಿಗೂ ತಿಳಿಯದ ಹಾಗೆ ಮಾಡಿಸಿಬಿಡಲೇ? ಕೆಲಸದಲ್ಲಿ ಮನಸ್ಸಿಲ್ಲ, ನಿದ್ರೆಯೂ ಇಲ್ಲ.
— ಹೆಸರು ಬೇಡ, ವಿಕ್ರೋಳಿ ಪೂರ್ವ

ಉತ್ತರ: ಟೂತ್‌ಬ್ರಷ್ ಇದ್ದಲ್ಲೇ ಇರಲಿ. ಮಗಳ ಕೂದಲಿಗೂ ಕೈ ಹಾಕಬೇಡಿ.

ನೀವು ಮಾತಿನ ನಡುವೆ ಹೇಳಿಹೋದ ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು. ಶಿಬಿರದವರು ಮಗಳ ರಕ್ತ ತೆಗೆದುಕೊಳ್ಳದೆ ಕಾರ್ಡ್ ಮಾತ್ರ ಕೊಟ್ಟರು ಎಂಬುದು ಒಂದು, ಹೆಂಡತಿ ಸೋದರಮಾವನ ಮಗಳು ಎಂಬುದು ಇನ್ನೊಂದು. ಎರಡನ್ನೂ ಸೇರಿಸಿ ಓದಿದಾಗ ನನಗೆ ನಿಮ್ಮ ಸಂಸಾರಕ್ಕಿಂತ ಹೆಚ್ಚಾಗಿ ನಿಮ್ಮ ಮಗಳ ಜೀವದ ಚಿಂತೆ ಹತ್ತಿತು. ನಾಳೆ ಅವಳಿಗೆ ಅಪಘಾತವಾಗಿ ರಕ್ತ ಬೇಕಾಯಿತು ಎನ್ನಿ. ಆ ಕಾರ್ಡ್ ನಂಬಿ ಓ ಗುಂಪಿನ ರಕ್ತ ಹಾಕಬಹುದೇ? ಮೊದಲು ಉತ್ತರ ಸಿಗಬೇಕಾದ್ದು ಈ ಪ್ರಶ್ನೆಗೆ. ಯಾಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ.

ಅಕ್ಕನ ಮಗ ಹೇಳಿದ್ದು ಪಾಠಪುಸ್ತಕದ ಮಟ್ಟಿಗೆ ಸರಿ. ನಮ್ಮ ಜೀವಕೋಶಗಳಲ್ಲಿ 46 ವರ್ಣತಂತುಗಳು, ಅಂದರೆ 23 ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಒಂದು ತಂದೆಯಿಂದ. ಎ, ಬಿ, ಓ ಗುಂಪನ್ನು ತೀರ್ಮಾನಿಸುವ ವಂಶವಾಹಿ 9ನೆಯ ವರ್ಣತಂತುವಿನ ಮೇಲಿದೆ. ನೀವು ಎಬಿ ಆದ್ದರಿಂದ ನಿಮ್ಮ 9ನೆಯ ಜೋಡಿಯಲ್ಲಿ ಒಂದರ ಮೇಲೆ ಎ ಇದೆ, ಇನ್ನೊಂದರ ಮೇಲೆ ಬಿ ಇದೆ, ಓ ಇಲ್ಲವೇ ಇಲ್ಲ. ಮಗುವಿಗೆ ನೀವು ಕೊಡುವುದು ಆ ಎರಡರಲ್ಲಿ ಒಂದನ್ನು. ಹಾಗಿರುವಾಗ ಓ ಎಲ್ಲಿಂದ ಬರಬೇಕು? ಹುಡುಗನ ಲೆಕ್ಕ ಇಲ್ಲಿಗೆ ಮುಗಿಯಿತು. ಮೊಬೈಲ್ ತೋರಿಸಿದ್ದೂ ಇಷ್ಟನ್ನೇ.

ಆದರೆ ರಕ್ತದ ಗುಂಪು ಒಂದೇ ವಂಶವಾಹಿಯ ಕೆಲಸವಲ್ಲ. 19ನೆಯ ವರ್ಣತಂತುವಿನ ಮೇಲೆ ‘ಎಚ್’ ಎಂಬ ಇನ್ನೊಂದು ವಂಶವಾಹಿ ಇದೆ. ಅದು ತಯಾರಿಸುವ ಕಿಣ್ವ ಕೆಂಪು ರಕ್ತಕಣದ ಮೈಮೇಲೆ ಫ್ಯೂಕೋಸ್ ಎಂಬ ಸಕ್ಕರೆಯ ತುಣುಕನ್ನು ಜೋಡಿಸುತ್ತದೆ. ಹೀಗೆ ಆಗುವ ರಚನೆಗೂ ಎಚ್ ಎಂದೇ ಹೆಸರು. ಎ ಕಿಣ್ವವಾಗಲಿ ಬಿ ಕಿಣ್ವವಾಗಲಿ ತನ್ನ ಸಕ್ಕರೆಯನ್ನು ಸೇರಿಸುವುದು ಈ ಎಚ್‌ನ ಮೇಲೆ. ಗೋಡೆಯಲ್ಲಿ ಗೂಟವಿದ್ದರಲ್ಲವೇ ಅಂಗಿ ತೂಗುಹಾಕುವುದು? ಎಚ್ ಆ ಗೂಟ. ಓ ಗುಂಪಿನವರಲ್ಲಿ ಗೂಟ ಇದೆ, ಅಂಗಿ ಇಲ್ಲ. ಲಕ್ಷಾಂತರ ಜನರಲ್ಲಿ ಕೆಲವರಿಗೆ ಮಾತ್ರ ಗೂಟವೇ ಇರುವುದಿಲ್ಲ. ಅವರ 9ನೆಯ ವರ್ಣತಂತುವಿನಲ್ಲಿ ಎ ಇದ್ದರೂ ಬಿ ಇದ್ದರೂ ಅದು ರಕ್ತಕಣದ ಮೇಲೆ ಕಾಣಿಸಿಕೊಳ್ಳುವುದಿಲ್ಲ. ಸಾಮಾನ್ಯ ಪರೀಕ್ಷೆಯಲ್ಲಿ ಅವರೂ ‘ಓ’ ಎಂದೇ ಕಾಣುತ್ತಾರೆ.

ಇದು ಮೊದಲು ಗೊತ್ತಾದದ್ದು ನಮ್ಮ ಮುಂಬಯಿಯಲ್ಲೇ. ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು, ಲಂಡನ್ನಿನ ರೇಸ್ ಮತ್ತು ಸ್ಯಾಂಗರ್ ಮೊದಲಾದವರ ಜೊತೆಗೂಡಿ, 1952ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ನೋಡಲು ಓ ಗುಂಪಿನ ಹಾಗಿದ್ದ ರಕ್ತ ಓ ಗುಂಪಿನ ರಕ್ತದ ಜೊತೆಗೂ ಹೊಂದಲಿಲ್ಲ. ಊರಿನ ಹೆಸರೇ ಅದಕ್ಕೆ ಅಂಟಿಕೊಂಡಿತು. ಇಂದಿಗೂ ಪ್ರಪಂಚದ ಎಲ್ಲ ಬ್ಲಡ್ ಬ್ಯಾಂಕುಗಳಲ್ಲಿ ಅದು ‘ಬಾಂಬೆ ಬ್ಲಡ್ ಗ್ರೂಪ್’. ಮೂರು ವರ್ಷದ ನಂತರ, 1955ರಲ್ಲಿ, ಅಮೆರಿಕದ ಫಿಲಿಪ್ ಲೆವಿನ್ ಮತ್ತು ಸಂಗಡಿಗರು ಒಂದು ಕುಟುಂಬದ ವಿಷಯ ಬರೆದರು. ಅದರಲ್ಲಿ ತಾಯಿ ಪರೀಕ್ಷೆಯಲ್ಲಿ ಓ, ಆದರೆ ಮಗಳಿಗೆ ಬಿ ವಂಶವಾಹಿ ಬಂದದ್ದು ಆ ತಾಯಿಯಿಂದಲೇ. ತಾಯಿಯ ಮೈಯಲ್ಲಿ ಅಡಗಿದ್ದ ಬಿ, ಮಗಳಲ್ಲಿ ಮತ್ತೆ ತಲೆಯೆತ್ತಿತ್ತು. ನಿಮ್ಮ ಮನೆಯದು ಇದೇ ಕತೆಯ ಇನ್ನೊಂದು ಮಗ್ಗುಲು ಆಗಿರಬಹುದು.

ನಮ್ಮ ದೇಶದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು ಈ ಗುಂಪಿನವರು, ಯುರೋಪಿನಲ್ಲಿ ಹತ್ತು ಲಕ್ಷಕ್ಕೆ ಒಬ್ಬರು. ನಮ್ಮಲ್ಲೂ ಮಹಾರಾಷ್ಟ್ರ, ಕರ್ನಾಟಕ, ಆಂಧ್ರದ ಕುಟುಂಬಗಳಲ್ಲಿ ಹೆಚ್ಚಾಗಿ ಸಿಕ್ಕಿದೆ.

ಈಗ ಸೋದರಮಾವನ ಮಗಳ ವಿಷಯಕ್ಕೆ ಬರುತ್ತೇನೆ. ಗೂಟ ಇಲ್ಲದಂತಾಗಬೇಕಾದರೆ ಮಗುವಿಗೆ ಕೆಲಸ ಮಾಡದ ಎಚ್ ವಂಶವಾಹಿ ಎರಡೂ ಕಡೆಯಿಂದ ಬರಬೇಕು. ಒಂದು ಒಳ್ಳೆಯದು, ಒಂದು ಕೆಲಸ ಮಾಡದ್ದು ಇರುವವರಿಗೆ ಯಾವ ತೊಂದರೆಯೂ ಇಲ್ಲ. ಅವರ ರಕ್ತದ ಗುಂಪು ಎಂದಿನಂತೆ ಎ, ಬಿ, ಎಬಿ ಎಂದೇ ಕಾಣುತ್ತದೆ, ತಮ್ಮೊಳಗೆ ಅಂಥದ್ದೊಂದಿದೆ ಎಂಬುದು ಸಾಯುವವರೆಗೂ ಗೊತ್ತಾಗುವುದಿಲ್ಲ. ಸಂಬಂಧವೇ ಇಲ್ಲದ ಇಬ್ಬರಲ್ಲಿ ಇಬ್ಬರೂ ಇಂಥವರಾಗಿರುವುದು ಅಪರೂಪ. ನಿಮ್ಮ ತಾಯಿಯ ತಂದೆ-ತಾಯಿ ಯಾರೋ, ನಿಮ್ಮ ಹೆಂಡತಿಯ ತಂದೆಯ ತಂದೆ-ತಾಯಿ ಕೂಡ ಅವರೇ. ಆ ಅಜ್ಜನಲ್ಲೋ ಅಜ್ಜಿಯಲ್ಲೋ ಇದ್ದ ಒಂದೇ ಒಂದು ಪ್ರತಿ ನಿಮ್ಮ ತಾಯಿಯ ಮೂಲಕ ನಿಮಗೆ, ಮಾವನ ಮೂಲಕ ನಿಮ್ಮ ಹೆಂಡತಿಗೆ ಬಂದಿದ್ದರೆ ಸಾಕು. ಆಮೇಲೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಮಗಳಿಗೆ ಬಂತು ಎಂದಾದರೆ ಮಗನ ಪಾಲಿಗೂ ಅದೇ ನಾಲ್ಕರಲ್ಲಿ ಒಂದು. ಅಕ್ಕನಿಗೆ ಬಂದಾಯಿತು, ಇನ್ನು ತಮ್ಮನಿಗೆ ಬಾರದು ಎಂಬ ಲೆಕ್ಕವಿಲ್ಲ.

ನಮ್ಮ ಕಡೆಯವರು ಇಲ್ಲೊಂದು ಮಾತು ಹೇಳುವುದುಂಟು: “ಬಳಿ ನೋಡಿಯೇ ಮದುವೆ ಮಾಡಿದ್ದು.” ನಿಜ. ಬಳಿ, ಅಂದರೆ ನಮ್ಮ ಕಡೆಯ ಕುಲ, ತಾಯಿಯ ಕಡೆಯಿಂದ ಬರುವುದರಿಂದ ಸೋದರಮಾವನ ಮಗಳ ಬಳಿ ಅವಳ ತಾಯಿಯದು, ನಿಮ್ಮದಲ್ಲ. ಸಂಪ್ರದಾಯದ ಪ್ರಕಾರ ಸಂಬಂಧ ಕೂಡಿಬರುತ್ತದೆ. ಜೀವಕೋಶದ ಮೈಟೋಕಾಂಡ್ರಿಯಾದಲ್ಲಿರುವ ಒಂದಿಷ್ಟು ಡಿಎನ್‌ಎ ಮಾತ್ರ ಬಳಿಯ ಹಾಗೆ ತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ. ಮಿಕ್ಕ ವರ್ಣತಂತುಗಳು ಬಳಿಯನ್ನೂ ಕೇಳುವುದಿಲ್ಲ, ಗೋತ್ರವನ್ನೂ ಕೇಳುವುದಿಲ್ಲ. ಅಜ್ಜ-ಅಜ್ಜಿ ಒಂದೇ ಆದಮೇಲೆ, ಬಳಿ ಬೇರೆಯಾದರೂ ಅವರಿಂದ ಬಂದದ್ದರಲ್ಲಿ ಪಾಲು ಇಬ್ಬರಿಗೂ ಇದ್ದೇ ಇರುತ್ತದೆ. ನಿಮ್ಮ ಮದುವೆ ತಪ್ಪಾಯಿತು ಎನ್ನಲು ಇದನ್ನು ಹೇಳುತ್ತಿಲ್ಲ. ಬಾಂಬೆ ಗುಂಪು ರೋಗವಲ್ಲ, ಆ ಗುಂಪಿನವರು ಎಲ್ಲರಷ್ಟೇ ಆರೋಗ್ಯವಂತರು. ಹೆಂಡತಿ ಮಾವನ ಮಗಳು ಎಂಬ ಸಂಗತಿಯೇ ನಿಮ್ಮ ಸಂಶಯವನ್ನು ಅಲ್ಲಾಡಿಸಬೇಕಿತ್ತು ಎನ್ನುವುದಕ್ಕೆ ಹೇಳಿದೆ.

ಬಾಂಬೆ ಗುಂಪೇ ಆಗಿರಬೇಕೆಂದು ನಾನು ಪಟ್ಟು ಹಿಡಿಯುವುದಿಲ್ಲ. ಶಿಬಿರದ ಪರೀಕ್ಷೆ ಹೇಗೆ ನಡೆಯುತ್ತದೆಂದು ನೀವೇ ಕಂಡವರು. ಬೆರಳು ಚುಚ್ಚಿ, ಬಿಳಿಯ ಫಲಕದ ಮೇಲೆ ಮೂರು ಕಡೆ ರಕ್ತದ ಹನಿ ಇಡುತ್ತಾರೆ. ಒಂದರ ಮೇಲೆ ನೀಲಿ ದ್ರವ, ಅದು ಎ ಹುಡುಕಲು. ಒಂದರ ಮೇಲೆ ಹಳದಿ, ಅದು ಬಿ ಹುಡುಕಲು. ಮೂರನೆಯದು ಬಣ್ಣವಿಲ್ಲದ್ದು, ಪಾಸಿಟಿವ್-ನೆಗೆಟಿವ್ ತಿಳಿಯಲು. ಕಡ್ಡಿಯಿಂದ ಕಲಸಿ, ಫಲಕವನ್ನು ಓಲಾಡಿಸಿ, ಹನಿ ಮೊಸರಿನ ಹಾಗೆ ಒಡೆದು ಕಣಕಣವಾಯಿತೇ ಎಂದು ನೋಡುತ್ತಾರೆ. ಹುಡುಗ ಹುಡುಗಿಯರು ಸಾಲುಗಟ್ಟಿ ನಿಂತಿರುತ್ತಾರೆ, ಫ್ಯಾನಿನ ಗಾಳಿಗೆ ಹನಿ ಒಣಗುತ್ತದೆ, ಪಕ್ಕದವರ ಹೆಸರಿನೆದುರು ಇವರ ಗುಂಪು ಬರೆದು ಹೋಗುವುದೂ ಉಂಟು. ಎ ಗುಂಪಿನಲ್ಲೇ ಕೆಲವು ದುರ್ಬಲ ಬಗೆಗಳಿವೆ. ಅವು ಫಲಕದ ಮೇಲೆ ಒಡೆಯದೆ ಓ ಎನಿಸಿಕೊಳ್ಳುತ್ತವೆ. ತೀರಾ ಅಪರೂಪಕ್ಕೆ ಎ ಮತ್ತು ಬಿ ಎರಡೂ ಒಂದೇ ವರ್ಣತಂತುವಿನ ಮೇಲೆ ಕೂತಿರುವ ತಂದೆಯರೂ ಇದ್ದಾರೆ; ಅವರಿಗೆ ಓ ಮಗು ಹುಟ್ಟಬಹುದು. ಇಷ್ಟೆಲ್ಲದರಲ್ಲಿ ಅತ್ಯಂತ ಹೆಚ್ಚಾಗಿ ಕಾಣುವುದು ಬರವಣಿಗೆಯ ತಪ್ಪು ಅಥವಾ ಫಲಕದ ತಪ್ಪು. ನಿಮ್ಮ ಹೆಂಡತಿಯ ಹೆರಿಗೆ ಫೈಲಿಗೂ ಈ ಮಾತು ಸಲ್ಲುತ್ತದೆ. ನೀವು ಅಂಜುತ್ತಿರುವ ಇನ್ನೊಂದು ಸಾಧ್ಯತೆಯೂ ಈ ಪಟ್ಟಿಯಲ್ಲಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಅದು ಪಟ್ಟಿಯ ಮೊದಲಲ್ಲಿ ಇರಬೇಕಾದದ್ದಲ್ಲ, ಅಷ್ಟೇ.

ಕಿವಿಯ ಮಾತು ಬಿಟ್ಟುಬಿಡಿ. ಹಾಲೆ ಜೋತಿದ್ದರೆ ಒಂದು, ಅಂಟಿದ್ದರೆ ಇನ್ನೊಂದು ಎಂದು ಶಾಲೆಯಲ್ಲಿ ಕಲಿಸುತ್ತಿದ್ದರು. ಹಾಲೆಯ ಆಕಾರದ ಹಿಂದೆ ಹತ್ತಾರು ವಂಶವಾಹಿಗಳಿವೆ, ಜೋತ ಹಾಲೆಯವರಿಗೆ ಅಂಟಿದ ಹಾಲೆಯ ಮಕ್ಕಳು ಹುಟ್ಟುತ್ತಲೇ ಇರುತ್ತಾರೆ. ಮೂಗು, ಮೈಬಣ್ಣ, ಎತ್ತರ ಎಲ್ಲವೂ ಹೀಗೆಯೇ. ಮಗಳು ಯಾರ ಹಾಗಿದ್ದಾಳೆ ಎಂಬುದು ಯಾವ ಕಡೆಗೂ ಸಾಕ್ಷಿಯಲ್ಲ. ಒಂದು ತಿಂಗಳಿಂದ ನೀವು ನೋಡುತ್ತಿರುವ ನೋಟ ಆ ಹುಡುಗಿಗೆ ತಿಳಿಯದೆ ಇರುತ್ತದೆ ಎಂದುಕೊಂಡಿರಾ? ಹದಿನೆಂಟು ವರ್ಷದವರಿಗೆ ಅಪ್ಪನ ಕಣ್ಣು ಬೇರೆಯಾದದ್ದು ಆ ದಿನವೇ ಗೊತ್ತಾಗುತ್ತದೆ, ಕಾರಣ ಮಾತ್ರ ತಿಳಿದಿರುವುದಿಲ್ಲ. ತನ್ನದೇ ಏನೋ ತಪ್ಪು ಎಂದುಕೊಂಡು ಒಳಗೊಳಗೇ ಕೊರಗುತ್ತಿರುತ್ತಾರೆ. ನನಗೆ ಈ ಪತ್ರದಲ್ಲಿ ಎಲ್ಲಕ್ಕಿಂತ ನೋವು ತಂದದ್ದು ಇದು.

ಈ ವಾರವೇ ಮಾಡಬೇಕಾದ್ದು ಹೀಗಿದೆ. ಮೂವರೂ, ಸಾಧ್ಯವಾದರೆ ಮಗನೂ ಸೇರಿ ನಾಲ್ವರೂ, ಒಂದೇ ದಿನ ಒಂದೇ ಬ್ಲಡ್ ಬ್ಯಾಂಕಿಗೆ ಹೋಗಿ ತೋಳಿನಿಂದ ರಕ್ತ ಕೊಡಿ. ಬೆರಳು ಚುಚ್ಚಿದ್ದು ಸಾಲದು. ‘ಫಾರ್ವರ್ಡ್ ಮತ್ತು ರಿವರ್ಸ್ ಗ್ರೂಪಿಂಗ್ ಎರಡೂ ಬೇಕು’ ಎಂದು ಬಾಯಿಬಿಟ್ಟು ಕೇಳಿ. ಫಲಕದ ಮೇಲೆ ಮಾಡಿದ್ದು ಫಾರ್ವರ್ಡ್, ಅಂದರೆ ಕೆಂಪು ಕಣದ ಪರೀಕ್ಷೆ. ರಿವರ್ಸ್‌ನಲ್ಲಿ ಮಗಳ ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, ಗುಂಪು ಗೊತ್ತಿರುವ ಎ, ಬಿ ಮತ್ತು ಓ ಕಣಗಳ ಜೊತೆ ಸೇರಿಸುತ್ತಾರೆ. ನಿಜವಾದ ಓ ಆಗಿದ್ದರೆ ಎ ಮತ್ತು ಬಿ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ, ಓ ಕಣ ಸುಮ್ಮನಿರುತ್ತದೆ. ಬಾಂಬೆ ಆಗಿದ್ದರೆ ಓ ಕಣವೂ ಗಂಟಾಗುತ್ತದೆ. ಆಗ ‘ಆಂಟಿ-ಎಚ್’ ಎಂಬ ಇನ್ನೊಂದು ದ್ರವದಿಂದ ಖಚಿತ ಮಾಡುತ್ತಾರೆ. ಯುರೋಪಿನ ಒಂದು ಮುಳ್ಳುಗಿಡದ ಬೀಜದಿಂದ ತೆಗೆದದ್ದು ಅದು. ಓ ಕಣಗಳನ್ನು ಅದು ಬಲವಾಗಿ ಅಂಟಿಸಿ ಗಂಟಾಗಿಸುತ್ತದೆ, ಬಾಂಬೆ ಕಣಗಳನ್ನು ಮುಟ್ಟುವುದಿಲ್ಲ. ಮಗಳು ಅಂದು ರಕ್ತ ಕೊಟ್ಟಿದ್ದರೆ ಬ್ಲಡ್ ಬ್ಯಾಂಕಿನಲ್ಲಿ ರಿವರ್ಸ್ ಮಾಡುವಾಗ ಇದೆಲ್ಲ ತಾನಾಗಿ ಬಯಲಾಗುತ್ತಿತ್ತು. ಹಿಮೋಗ್ಲೋಬಿನ್ 12.5 ಇಲ್ಲದ್ದರಿಂದ ಅವಳ ಪರೀಕ್ಷೆ ಫಲಕದಲ್ಲೇ ನಿಂತಿತು.

ಫಲಿತಾಂಶ ತೊಡಕಾಗಿ ಬಂದರೆ ವಿಕ್ರೋಳಿಯಿಂದ ಸ್ಲೋ ಲೋಕಲ್ ಹಿಡಿದು ಪರೇಲ್‌ಗೆ ಹೋಗಿ. ಅಲ್ಲಿನ ಕೆಇಎಂ ಆಸ್ಪತ್ರೆಯ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ. ರಕ್ತದ ಗುಂಪುಗಳಿಗೆಂದೇ 1957ರಲ್ಲಿ ಶುರುವಾದ ಕೇಂದ್ರ ಬೆಳೆದು ಈ ಸಂಸ್ಥೆಯಾಯಿತು. ಭೆಂಡೆಯವರ ಜೊತೆ 1952ರ ಲೇಖನಕ್ಕೆ ಹೆಸರು ಹಾಕಿದ್ದ ಡಾ. ಎಚ್. ಎಂ. ಭಾಟಿಯಾ ಮುಂದೆ ಇದರ ನಿರ್ದೇಶಕರಾಗಿದ್ದವರು. ಎಲ್ಲೂ ಬಗೆಹರಿಯದ ಗುಂಪಿನ ತೊಡಕುಗಳು ಬರುವುದು ಇಂಥಲ್ಲಿಗೇ.

ಹೆಂಡತಿಗೆ ಹೇಗೆ ಹೇಳುವುದು? ಅಡುಗೆಮನೆಯ ಬಾಗಿಲಲ್ಲಿ ನಿಂತು ಪ್ರಶ್ನೆಯ ಹಾಗೆ ಎಸೆಯಬೇಡಿ. ಮಕ್ಕಳಿಲ್ಲದ ಹೊತ್ತಿನಲ್ಲಿ ಎದುರು ಕೂತು, ಕಾರ್ಡ್ ಅವಳ ಕೈಗೆ ಕೊಟ್ಟು, “ಇದು ನಮ್ಮಿಬ್ಬರ ಗುಂಪಿಗೆ ಹೊಂದುವುದಿಲ್ಲ. ಶಿಬಿರದವರ ತಪ್ಪೋ, ಅಪರೂಪದ ಗುಂಪೋ ನೋಡಬೇಕು, ನಾವೆಲ್ಲ ಒಟ್ಟಿಗೆ ಹೋಗಿ ರಕ್ತ ಕೊಟ್ಟು ಬರೋಣ” ಎನ್ನಿ. “ಒಂದು ತಿಂಗಳಿಂದ ಹೇಳದೆ ಇದ್ದೆ, ಹೆದರಿದ್ದೆ” ಎಂಬುದನ್ನೂ ಹೇಳಿ. ಅವಳಿಗೆ ಸಿಟ್ಟು ಬಂದೀತು, ಬರಬೇಕಾದದ್ದೇ, ಕೇಳಿಸಿಕೊಳ್ಳಿ. ಅವಳ ಬೆನ್ನ ಹಿಂದೆ ಟೂತ್‌ಬ್ರಷ್ ಕಳಿಸಿದ್ದು ಆಮೇಲೆ ತಿಳಿದರೆ, ಫಲಿತಾಂಶ ನಿಮ್ಮ ಪರವಾಗಿ ಬಂದರೂ ಆ ಗಾಯ ಮಾಯುವುದಿಲ್ಲ. ಮಗಳು ಈಗ ವಯಸ್ಕಳು, ಅವಳ ಮೈಯಿಂದ ಏನನ್ನಾದರೂ ಪರೀಕ್ಷೆಗೆ ಕೊಡುವುದಾದರೆ ಒಪ್ಪಿಗೆ ಅವಳದೇ ಆಗಬೇಕು. ಅವಳಿಗೆ ಸತ್ಯವನ್ನೇ ಹೇಳಬಹುದು: “ನಿನ್ನ ಗುಂಪನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕು, ಮುಂದೆ ನಿನಗೆ ರಕ್ತ ಬೇಕಾದರೆ ತಪ್ಪಾಗಬಾರದು.” ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಕ್ಕನ ಮನೆಗೆ ಈಗಲೇ ಸುದ್ದಿ ಬೇಡ. ಹುಡುಗ ಇನ್ನೊಮ್ಮೆ ಆ ಮಾತೆತ್ತಿದರೆ, ಎಚ್ ವಂಶವಾಹಿಯ ಪಾಠ ಓದಿಕೊಂಡು ಬಾ ಎನ್ನಿ.

ಬಾಂಬೆ ಗುಂಪು ಎಂದು ಖಚಿತವಾದರೆ ತಂದೆಯಾಗಿ ನಿಮ್ಮ ಕೆಲಸ ಶುರುವಾಗುವುದು ಆಗ. ಅವಳಿಗೆ ಹೊಂದುವುದು ಬಾಂಬೆ ಗುಂಪಿನ ರಕ್ತ ಮಾತ್ರ. ಎಲ್ಲರಿಗೂ ಆಗುತ್ತದೆ ಎನ್ನುವ ಓ ನೆಗೆಟಿವ್ ಕೂಡ ಅವಳಿಗೆ ಆಗದು. ಅವಳ ರಕ್ತದಲ್ಲಿರುವ ಪ್ರತಿಕಾಯಗಳು ಓ ಕಣಗಳನ್ನು ಒಡೆದುಹಾಕುತ್ತವೆ. ಚಳಿಜ್ವರದಿಂದ ಶುರುವಾಗಿ ಮೂತ್ರಪಿಂಡ ಕೈಕೊಡುವವರೆಗೆ, ಜೀವಕ್ಕೆ ಎರವಾಗುವವರೆಗೆ ಹೋಗಬಹುದು. ಆಸ್ಪತ್ರೆಯಲ್ಲಿ ಕ್ರಾಸ್-ಮ್ಯಾಚ್ ಮಾಡಿದರೆ, ಅಂದರೆ ದಾನಿಯ ರಕ್ತ ಅವಳ ರಕ್ತಕ್ಕೆ ಹೊಂದುತ್ತದೆಯೇ ಎಂದು ಸೇರಿಸಿ ನೋಡಿದರೆ, ತಪ್ಪು ಸಿಕ್ಕಿಬೀಳುತ್ತದೆ. ಅಪಘಾತದ ತುರ್ತಿನಲ್ಲಿ ಕ್ರಾಸ್-ಮ್ಯಾಚಿಗೆ ಕಾಯದೆ ಓ ನೆಗೆಟಿವ್ ಏರಿಸುವುದುಂಟು, ನನ್ನ ಭಯ ಇರುವುದು ಅಲ್ಲಿ. ಆದ್ದರಿಂದ ಹಳೆಯ ಕಾರ್ಡ್ ಹರಿದುಹಾಕಿ. ಕಾಲೇಜಿನ ಐಡಿ, ಡ್ರೈವಿಂಗ್ ಲೈಸೆನ್ಸ್, ಎಲ್ಲಿ ‘ಓ’ ಎಂದಿದೆಯೋ ಅಲ್ಲೆಲ್ಲ ತಿದ್ದಿಸಿ. ಪರ್ಸಿನಲ್ಲೂ ಮೊಬೈಲಿನ ತುರ್ತು ಮಾಹಿತಿಯಲ್ಲೂ ದಪ್ಪಕ್ಷರದಲ್ಲಿ ಬರೆದಿಡಿ. ತಮ್ಮನ ಗುಂಪೂ ಬಾಂಬೆ ಆಗಿದ್ದರೆ, 18 ತುಂಬಿದ ಮೇಲೆ ಅಕ್ಕ-ತಮ್ಮ ಒಬ್ಬರಿಗೊಬ್ಬರು ದಾನಿಗಳಾಗಬಹುದು. ಮುಂಬಯಿಯ ಥಿಂಕ್ ಫೌಂಡೇಶನ್, ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಶನ್ ಇಂಥ ದಾನಿಗಳನ್ನು ಹುಡುಕಿ ಜೋಡಿಸುವ ಕೆಲಸ ಮಾಡುತ್ತ ಬಂದಿವೆ, ಅವಳ ಹೆಸರನ್ನು ಅಲ್ಲಿ ನೋಂದಾಯಿಸಿ. ಆಪರೇಷನ್ನೋ ಹೆರಿಗೆಯೋ ಬಂದಾಗ ವೈದ್ಯರಿಗೆ ತಿಂಗಳುಗಳ ಮೊದಲೇ ತಿಳಿಸಬೇಕು. ಅವಳದೇ ರಕ್ತ ತೆಗೆದಿಟ್ಟುಕೊಳ್ಳುವ ದಾರಿಯೂ ಇದೆ. ಅವಳ ಮಕ್ಕಳ ಬಗ್ಗೆ ಹೆದರಿಕೆ ಬೇಡ. ಕೈಹಿಡಿಯುವವನಿಂದ ಒಳ್ಳೆಯ ಎಚ್ ಬಂದರೆ ಮಕ್ಕಳಲ್ಲಿ ಗೂಟ ಮತ್ತೆ ಮೂಡುತ್ತದೆ, ನೀವು ಕೊಟ್ಟ ಎ ಅಥವಾ ಬಿ ಮೊಮ್ಮಕ್ಕಳ ರಕ್ತದಲ್ಲಿ ಕಾಣಿಸಿಕೊಳ್ಳಬಹುದು. ಒಂದು ಮಾತ್ರ: ಅವಳಿಗೆ ಗಂಡು ನೋಡುವಾಗ ಮತ್ತೆ ಹತ್ತಿರದ ಸಂಬಂಧದಲ್ಲೇ ಹುಡುಕಬೇಡಿ.

ಎಲ್ಲ ಪರೀಕ್ಷೆಗಳೂ ಆಗಿ, ಅವಳು ನಿಜವಾದ ಓ, ನೀವು ನಿಜವಾದ ಎಬಿ ಎಂದೇ ಬಂದರೆ? ಆಗ ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಜೆನೆಟಿಕ್ ಕೌನ್ಸೆಲರ್ ಒಬ್ಬರನ್ನು ಕಾಣಿ, ಮುಂದಿನ ಹೆಜ್ಜೆ ಅಲ್ಲಿ ಮಾತಾಡಿ ಇಡಿ. ತಂದೆಯೊಬ್ಬ ಸಂಶಯಪಟ್ಟ ಮಾತ್ರಕ್ಕೆ ರಕ್ತ ಪರೀಕ್ಷೆಗೆ ಆದೇಶ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಗೌತಮ್ ಕುಂಡು ಪ್ರಕರಣದಲ್ಲಿ ಹೇಳಿದೆ. ಮಗುವಿನ ಮೇಲೆ ಕಳಂಕ ಬರಬಾರದೆಂಬುದು ಅದರ ಹಿಂದಿನ ಕಾಳಜಿ. ಕೋರ್ಟಿಗಿದ್ದ ಕಾಳಜಿ ಮನೆಯವರಿಗೂ ಇರಲಿ ಎಂದು ನನ್ನ ಕೋರಿಕೆ. ಹದಿನೆಂಟು ವರ್ಷ ಅವಳಿಗೆ ಜ್ವರ ಬಂದಾಗ ಎದ್ದು ಕೂತವರು ನೀವು. ಯಾವ ವರದಿ ಬಂದರೂ ಅದು ಆಗಿಹೋದ ಸಂಗತಿ, ಅದನ್ನು ಯಾರೂ ಅಳಿಸಲಾರರು.

ರಕ್ತದ ಗುಂಪಿನ ಪರೀಕ್ಷೆಗೆ ಉಪವಾಸ ಬೇಕಿಲ್ಲ, ತಿಂಡಿ ತಿಂದೇ ಹೋಗಿ. ಹಳೆಯ ಕಾರ್ಡು, ನಿಮ್ಮ ರಕ್ತದಾನದ ಸರ್ಟಿಫಿಕೇಟು, ಹೆಂಡತಿಯ ಹೆರಿಗೆ ಫೈಲು ಮೂರನ್ನೂ ಜೊತೆಗಿಟ್ಟುಕೊಳ್ಳಿ. ಕೌಂಟರಿನಲ್ಲಿ ‘ತಂದೆ-ತಾಯಿಯ ಗುಂಪಿಗೆ ಮಗಳ ಗುಂಪು ಹೊಂದುತ್ತಿಲ್ಲ, ಬಾಂಬೆ ಗುಂಪೇ ನೋಡಿಕೊಡಿ’ ಎಂದು ಹೇಳಿ. ಮಗಳ ಹಿಮೋಗ್ಲೋಬಿನ್ ಯಾಕೆ ಕಡಿಮೆ ಎಂಬುದನ್ನೂ ಅದೇ ದಿನ ವೈದ್ಯರಿಗೆ ತೋರಿಸಿ ಕೇಳಿ, ಅದಕ್ಕೂ ಔಷಧ ಆಗಬೇಕಲ್ಲ.